ಅಡುಗೆಮನೆಯ ಅಕ್ಕ

ಮಂಜುಳಾ, ಹೆತ್ತವಳನ್ನು ನೀನು ‘ಅವ್ವ’ ಅಂತ ಕರೆಯದಂತೆ ಮಾಡಿದವನು ನಾನು. ‘ಅಕ್ಕ ಅನ್ನು’ ಎಂದು ನಿನಗೆ ಹೇಳಿಕೊಟ್ಟವಳು ಅವಳೇ, ನಿಜ — ಹೇಳಿಸಿದವನು ನಾನು.

ಗುಬ್ಬಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ನಾನು ಭಾನುವಾರ ಅನಾಥಾಶ್ರಮಕ್ಕೆ ಬರುತ್ತಿದ್ದದ್ದು ನಿನಗೆ ಗೊತ್ತು. ತುಮಕೂರು, ಕುಣಿಗಲ್ ಸುತ್ತಿ, ಹುಟ್ಟಿದಹಬ್ಬಕ್ಕೋ ಹಿರಿಯರ ತಿಥಿಗೋ ಮಕ್ಕಳಿಗೆ ಊಟ ಹಾಕಿಸುವವರನ್ನು ಕರೆತರುವುದು ನನ್ನ ಸೇವೆ. ತೊಂಬತ್ತನಾಲ್ಕರಲ್ಲಿ ನಿಮ್ಮವ್ವ ಸಾಕಮ್ಮ, ಗಂಡನನ್ನು ಕಳೆದುಕೊಂಡು ಕುಣಿಗಲ್ ಕಡೆಯಿಂದ ಬಂದು, ಅಲ್ಲಿ ಅಡುಗೆಗೆ ಸೇರಿದಳು. ಆರು ವರ್ಷದ ನೀನು ಮಕ್ಕಳ ಪಂಕ್ತಿಯಲ್ಲಿ ಕೂತೆ.

ಒಂದು ಮಧ್ಯಾಹ್ನ ತುಮಕೂರಿನ ಅಕ್ಕಿ ಗಿರಣಿಯ ಯಜಮಾನರ ಊಟ. ನೀನು ತಟ್ಟೆ ಎತ್ತಿ ಹಿಡಿದು, “ಅವ್ವಾ, ಇನ್ನೊಸಿ ಪಾಯ್ಸ!” ಎಂದು ಕೂಗಿದೆ. ಯಜಮಾನರು ನನ್ನ ಕಡೆ ತಿರುಗಿ, “ಏನ್ರೀ, ಅವ್ವ ಇರೋರೂ ಇದಾರಾ ಇಲ್ಲಿ?” ಎಂದರು. ಅಷ್ಟೇ. “ಇಲ್ಲ ಸಾರ್, ಅಡ್ಗೆಯವ್ರನ್ನ ಮಕ್ಕಳು ಹಂಗೆ ಕರೀತವೆ” ಎಂದುಬಿಟ್ಟೆ. ದಾನ ಕೊಡುವವರಿಗೆ ಹಿಂದುಮುಂದು ಯಾರೂ ಇಲ್ಲದ ಮಕ್ಕಳೇ ಬೇಕು ಎಂದು ನಾನೇ ತೀರ್ಮಾನಿಸಿದೆ — ಅವರನ್ನು ಒಂದು ಮಾತು ಕೇಳಲಿಲ್ಲ.

ಒಲೆಯ ಹತ್ತಿರ ಹೋಗಿ ನಿಮ್ಮವ್ವನಿಗೆ ಹೇಳಿದೆ: “ನೋಡಮ್ಮ, ಇನ್ಮೇಲೆ ಮಗು ನಿನ್ನ ಅಕ್ಕ ಅನ್ಲಿ. ಇಲ್ದಿದ್ರೆ ಇಬ್ರೂ ಬೇರೆ ಕಡೆ ನೋಡ್ಕೋಬೇಕಾಯ್ತದೆ.”

ಅವಳು ಸೌಟು ಕೆಳಗಿಡಲಿಲ್ಲ. “ಆಯ್ತು ಬುಡಣ್ಣ. ಅಕ್ಕ ಅಂದ್ರೆ ನಾನೇನ್ ಸವ್ದೋಯ್ತೀನಾ?” ಎಂದು ನಕ್ಕಳು. ಆ ನಗುವನ್ನು ಒಪ್ಪಿಗೆ ಎಂದುಕೊಂಡೆ — ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ನೀನು ಬೇಗ ಕಲಿತೆ. ಜ್ವರ ಬಂದು ಮಲಗಿದಾಗಲೂ “ಅಕ್ಕಾ, ಅಕ್ಕಾ” ಎಂದೇ ನರಳಿದೆ. ಆಗಲಾದರೂ ನಾನು — ಇಲ್ಲ, ಬಾಯಿ ಬಿಡಲಿಲ್ಲ.

ಹತ್ತು ವರ್ಷ.

ಆಮೇಲೆ ನೀನು ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಶಾಲೆಗೆ ಮೊದಲಾದೆ. ಆ ಸನ್ಮಾನದ ದಿನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಊಟ ಹಾಕಿಸಿದವರೆಲ್ಲ ಬಂದಿದ್ದರು. ಅದೇ ಗಿರಣಿ ಯಜಮಾನರು ನಿನಗೆ ಹೊದಿಸಲು ಶಾಲು ಬಿಡಿಸಿ ನಿಂತಿದ್ದರು. ನೀನು “ಒಂದ್ ನಿಮ್ಷ ಸಾರ್” ಎಂದು ಸೀದಾ ಅಡುಗೆಮನೆಗೆ ನಡೆದೆ.

“ಬುಡೇ, ಕೈಯೆಲ್ಲ ಮುದ್ದೆ ಮೆತ್ಕೊಂಡದೆ ಕಣೇ!” — ನಿಮ್ಮವ್ವನ ಕೂಗು ಹೊರಗೆಲ್ಲ ಕೇಳಿಸಿತು. ನೀನು ಬಿಡಲಿಲ್ಲ. ರಟ್ಟೆ ಹಿಡಿದು ಎಳೆದು ತಂದು, ಮುಖ್ಯ ಅತಿಥಿಯ ಕುರ್ಚಿಯಲ್ಲೇ ಕೂರಿಸಿದೆ.

“ಇವ್ರು ನಮ್ಮವ್ವ. ಹತ್ತು ವರ್ಷದಿಂದ ನಿಮ್ಗೆಲ್ಲ ಬಡ್ಸಿರೋದು ನಮ್ಮವ್ವ.”

ಮುಗಿಯಿತು, ಇನ್ನು ಈ ಕಡೆ ಯಾರೂ ತಲೆ ಹಾಕುವುದಿಲ್ಲ ಎಂದುಕೊಂಡೆ. ಯಜಮಾನರು ಶಾಲನ್ನು ನಿಮ್ಮವ್ವನ ಹೆಗಲಿಗೆ ಹೊದಿಸಿದರು. “ಅಲ್ಲಮ್ಮ, ಇಷ್ಟು ವರ್ಷ ನಿನ್ ಕೈಲಿ ಉಂಡಿದೀನಿ, ಒಂದ್ ಮಾತು ಹೇಳ್ಬಾರ್ದಾ?” ಮಕ್ಕಳು ತಟ್ಟೆ ಬಡಿದು ಕೇಕೆ ಹಾಕಿದರು. ಬಂದವರೆಲ್ಲ ಎದ್ದು ನಿಂತರು. ಊಟ ಹಾಕಿಸುವವರಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ. ಆ ವರ್ಷವೇ ಇನ್ನಿಬ್ಬರು ತಾಯಂದಿರು ಮಕ್ಕಳೊಡನೆ ಬಂದು, ಯಾವ ಮುಚ್ಚುಮರೆಯೂ ಇಲ್ಲದೆ ಆಶ್ರಮ ಸೇರಿದರು. ಅದನ್ನೆಲ್ಲ ಗೆದ್ದವಳು ನೀನು, ಹದಿನಾರರ ಹುಡುಗಿ.

ಅಂದು ಜನ, “ತಾಯಿ ಮಗಳು ಇಬ್ರನ್ನೂ ಕಾಪಾಡಿದ್ರಿ” ಎಂದು ನನಗೂ ಹಾರ ತಂದರು. ನಾನು ಕತ್ತು ಬಗ್ಗಿಸಿ ಹಾಕಿಸಿಕೊಂಡೆ. ನಿಮ್ಮವ್ವ ನೋಡುತ್ತಿದ್ದಳು.

ಈಗ ನೀನು ಟೀಚರ್. ಅವ್ವನೊಂದಿಗೆ ಕ್ಯಾತ್ಸಂದ್ರದಲ್ಲಿ ಮನೆ ಮಾಡಿದ್ದೀಯ. ಮೊನ್ನೆ ನೀನೇ ಅಂದೆ: “ಮಾವ, ನಾನು ಮಗಳು ಅಂತ ಹೇಳ್ಕೊಳಕ್ಕೆ ಅವ್ವಂಗೆ ಆಗ ನಾಚ್ಕೆ ಇತ್ತೇನೋ. ಕೇಳಿದ್ರೆ ಬರೀ ನಗ್ತಾಳೆ.”

ನಾನು ಕಾಫಿ ಲೋಟ ಹಾಗೇ ಕೆಳಗಿಟ್ಟು ಎದ್ದು ಬಂದೆ. ನನ್ನ ಮರ್ಯಾದೆ ಉಳಿಸಲು ಅವಳು ಬಾಯಿ ಮುಚ್ಚಿಕೊಂಡಿದ್ದಾಳೆ, ನೀನು ಅವಳನ್ನೇ ಅನುಮಾನಿಸುತ್ತಿದ್ದೀಯ. ಅವಳಿಗೆ ನಾಚಿಕೆ ಇರಲಿಲ್ಲ ಮಂಜುಳಾ. ಎಂದೂ ಇರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ತಂದು ನಿಮ್ಮಿಬ್ಬರ ಮುಂದೆ ನಿಂತು ಓದುತ್ತೇನೆ. ಓದಿದ ಮೇಲೆ ಕೂರು ಅಂದರೆ ಕೂರುತ್ತೇನೆ, ಹೋಗು ಅಂದರೆ ಹೋಗುತ್ತೇನೆ.