ಉಪ್ಪು ನೋಡುವ ನಾಲಿಗೆ

ಬಾಗೂರಿನಲ್ಲಿರುವ ನನ್ನ ಅಕ್ಕನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಭಾವನಿಗೆ ಕಾಫಿ ಕೊಡುತ್ತಿದ್ದವಳ ಬಲಗೈಯಿಂದ ಲೋಟ ಜಾರಿತಂತೆ. ಏನಾಯಿತೆಂದು ಕೇಳಿದರೆ ಬಾಯಿಂದ ಬಂದದ್ದು ಮಾತಲ್ಲ, ಬರೀ ಸದ್ದು. ನಾನು ಹೊಳೆನರಸೀಪುರದಿಂದ ಬಸ್ಸು ಹತ್ತಿ ಹಾಸನದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳನ್ನು ವಾರ್ಡಿನಲ್ಲಿ ಮಲಗಿಸಿದ್ದರು. ನನ್ನನ್ನು ನೋಡಿ ನಗಲು ಹೋದಳು. ಅರ್ಧ ಮುಖ ಮಾತ್ರ ನಕ್ಕಿತು.

"ಚೆನ್ನಾಗೇ ಇದೀನಲ್ಲ ಅಂತ ಬಿಪಿ ಮಾತ್ರೆ ಬಿಟ್ಬುಟ್ಟಿದ್ಲು ಕಣಮ್ಮ," ಎಂದರು ಭಾವ, ಗೋಡೆ ನೋಡುತ್ತಾ.

ಅಕ್ಕನನ್ನು ನೋಡುತ್ತಿದ್ದ ಡಾಕ್ಟರಮ್ಮ, "ನೀವು ತಂಗಿನಾ? ನಿಮ್ದೂ ಒಂದ್ಸಲ ನೋಡಿಬಿಡೋಣ," ಎಂದು ತೋಳಿಗೆ ಪಟ್ಟಿ ಸುತ್ತಿದರು. ಮಾರನೆಯ ದಿನ ಮತ್ತೆ ನೋಡಿದರು. ಬಿಪಿ ನೂರ ಎಂಬತ್ತರ ಆಸುಪಾಸಿನಿಂದ ಕೆಳಗೆ ಬರಲಿಲ್ಲ. ನನಗೆ ತಲೆನೋವಿರಲಿಲ್ಲ, ಸುಸ್ತಿರಲಿಲ್ಲ. ಏನೂ ಗೊತ್ತಾಗದೆ ಇದ್ದದ್ದೇ ಹೆಚ್ಚು ಹೆದರಿಸಿತು.

"ಮಾತ್ರೆ ಬರೆದುಕೊಡ್ತೀನಿ, ತಪ್ಪಿಸಬೇಡಿ. ಉಪ್ಪು ಕಮ್ಮಿ ಮಾಡಿ, ದಿನಾ ನಡೀರಿ, ತೂಕ ಸ್ವಲ್ಪ ಇಳಿಸಿ. ಏನು ಕೆಲಸ ಮಾಡ್ಕೊಂಡಿದೀರಿ?"

"ಉಪ್ಪಿನಕಾಯಿ ಹಾಕಿ ಮಾರ್ತೀನಿ ಡಾಕ್ಟ್ರೆ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಮಾವಿನಮಿಡಿ, ನಿಂಬೆ, ಹೇರಳೆ, ಯಾವುದು ಹಾಕಿದರೂ ಎಡಗೈಗೆ ರಸ ಬಿಟ್ಟುಕೊಂಡು ನೆಕ್ಕಿ ಉಪ್ಪು ನೋಡುವುದು ನನ್ನ ಅಭ್ಯಾಸ. ಸೀಸನ್ನಿನಲ್ಲಿ ಇಡೀ ದಿನ ಅದೇ ಕೆಲಸ. ಊಟಕ್ಕೂ ಅದೇ ಉಪ್ಪಿನಕಾಯಿ, ಜೊತೆಗೆ ಕರಿದ ಹಪ್ಪಳ. ಆವತ್ತು ಮನೆಗೆ ಬಂದು ಸಾಲಾಗಿ ನಿಂತಿದ್ದ ಜಾಡಿಗಳ ಮೇಲೆ ಒಂದು ಹಳೇ ಸೀರೆ ಹೊದಿಸಿಬಿಟ್ಟೆ.

ಆಮೇಲೆ ಭಯ ನನ್ನ ಜೊತೆಗೇ ಏಳುತ್ತಿತ್ತು. ಎದ್ದ ಕೂಡಲೇ ಕನ್ನಡಿ ಮುಂದೆ ಹಲ್ಲು ಬಿಟ್ಟು ನಗುತ್ತಿದ್ದೆ, ಎರಡೂ ಕೈ ಎತ್ತುತ್ತಿದ್ದೆ. ನಾಲಿಗೆ ತೊದಲುತ್ತಿದೆಯೇ ಎಂದು ತಿಳಿಯಲು ನೆಂಟರ ಊರುಗಳ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದೆ. ಒಂದು ದಿನ ನನ್ನ ಗಂಡ ಬಚ್ಚಲಿನಿಂದ ಓಡಿಬಂದರು.

"ಅರಕಲಗೂಡು ಅರಕಲಗೂಡು ಅಂತ ಯಾಕೆ ಕೂಗ್ತಿದೀಯೇ? ಕಂಡಕ್ಟ್ರು ಕೆಲ್ಸ ಸಿಕ್ತಾ?"

ನಾನು ಅತ್ತುಬಿಟ್ಟೆ. ಅವರು ಮತ್ತೆ ತಮಾಷೆ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು, "ಓಗಾನ ನಡಿ," ಎಂದರು.

ಹೇಮಾವತಿ ಕಡೆಗೆ ಹೋಗುವ ರಸ್ತೆಯಲ್ಲಿ ನಡೆಯಲು ಶುರುಮಾಡಿದೆವು. ಮೊದಲ ದಿನ ಎದೆ ಬಡಿದುಕೊಂಡ ಸದ್ದು ಕಿವಿಗೇ ಕೇಳಿಸಿ, ಇಲ್ಲೇ ಬೀಳುತ್ತೇನೆಂದು ಅವರ ತೋಳು ಹಿಡಿದು ನಿಂತೆ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ನಿಂತು, ಉಸಿರಾಡಿ, ನಿಧಾನಕ್ಕೆ ವಾಪಸ್ಸು ಬಂದೆವು. ಸಾರಿಗೆ ಉಪ್ಪು ಅರ್ಧ ಮಾಡಿದೆ. ಹಪ್ಪಳ ನಿಂತಿತು. ಆ ಸಪ್ಪೆ ಸಾರನ್ನು ಅವರೂ ನನ್ನ ಜೊತೆ ಮುಖ ಕಿವುಚಿಕೊಂಡು ಉಂಡರು. ಜಾಡಿಗೆ ಹಾಕುವ ಉಪ್ಪನ್ನು ತಕ್ಕಡಿಯಲ್ಲಿ ತೂಗಿ, ನೆಕ್ಕದೆ ಮುಚ್ಚಿಡುವುದನ್ನು ಕಲಿತೆ.

ಕೆಲವು ತಿಂಗಳ ಮೇಲೆ ಅರಕಲಗೂಡಿನ ಒಂದು ಮದುವೆಗೆ ಮಿಡಿ ಉಪ್ಪಿನಕಾಯಿ ಬೇಕೆಂದರು. ದೊಡ್ಡ ಆರ್ಡರು. ಕಳಿಸುವ ಮುಂಚೆ ಮನಸ್ಸು ತಡೆಯದೆ ಒಂದು ಹನಿ ನಾಲಿಗೆಗೆ ಇಟ್ಟೆ. ಉಪ್ಪು ಸುಟ್ಟ ಹಾಗಾಯಿತು. ಮರೆತು ಎರಡು ಸಲ ಹಾಕಿಬಿಟ್ಟಿದ್ದೇನೆ! ಮರೆವು ಬಂದಿದೆ ಎಂದರೆ ತಲೆಯೊಳಗೆ ಏನೋ ಆಗಿದೆ. ಗಂಡನ ಬಾಯಿಗೆ ಹನಿ ಬಿಟ್ಟರೆ, "ಇದೇನೇ, ವಿಪರೀತ ಉಪ್ಪು!" ಎಂದರು. ಪಕ್ಕದ ಮನೆಯಾಕೆಯನ್ನು ಓಡಿ ಕರೆತಂದೆ. ಆಕೆ ಚಪ್ಪರಿಸಿ, "ಯಾವಾಗ್ಲೂ ಇದ್ದಂಗೇ ಐತಲ್ಲಕ್ಕ, ಏನಾಗೈತೆ ಇದಕ್ಕೆ?" ಎಂದಳು.

ಬದಲಾಗಿದ್ದದ್ದು ನಮ್ಮಿಬ್ಬರ ನಾಲಿಗೆ. ಇಷ್ಟು ವರ್ಷ ಇದನ್ನೇ ಅನ್ನಕ್ಕೆ ಕಲಸಿಕೊಂಡು ತಿಂದಿದ್ದೆವೆಂದು ನೆನೆಯುತ್ತಾ ಇಬ್ಬರೂ ಸೇರಿ ಜಾಡಿಗಳ ಬಾಯಿ ಕಟ್ಟಿದೆವು.

ಮುಂದಿನ ಸಲ ಹಾಸನಕ್ಕೆ ಹೋದಾಗ ಪಟ್ಟಿ ಬಿಗಿಯುತ್ತಿದ್ದಂತೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಇಳಿದಿದೆ, ಚೆನ್ನಾಗಿ ಇಳಿದಿದೆ," ಎಂದರು ಡಾಕ್ಟರಮ್ಮ. ಮಾತ್ರೆಯ ಪವರ್ ಕಡಿಮೆ ಮಾಡಿದರು. ಪೂರ್ತಿ ಬಿಡಬಹುದೇ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಅಕ್ಕ ಈಗ ಗೋಡೆ ಹಿಡಿದು ಓಡಾಡುತ್ತಾಳೆ, ಮಾತು ತಡೆದು ತಡೆದು ಬರುತ್ತದೆ. ನಡೆದು ಬಂದ ಮೇಲೆ ದಿನವೂ ಅವಳಿಗೆ ಫೋನು ಮಾಡುತ್ತೇನೆ. ಮೊನ್ನೆ ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಪರ್ಸು ಹಿಡಿದು, ಬಾಗೂರಿಗೆ ಹೋಗಲು ಚನ್ನರಾಯಪಟ್ಟಣದ ಬಸ್ಸಿಗೆಂದು ಬೀದಿಗಿಳಿದಾಗ ಅವಳದೇ ಫೋನು ಬಂತು.

"ಅಂಗಳದಲ್ಲಿ... ನಡೀತಿದ್ದೆ... ಕಣೆ," ಎಂದಳು.

ನಾನು ಅಲ್ಲೇ ಬೀದಿ ಬದಿಯ ಕಟ್ಟೆಯ ಮೇಲೆ ಕೂತು, "ಎಷ್ಟು ಸುತ್ತು ಆಯ್ತಕ್ಕ?" ಎಂದು ಕೇಳಿದೆ.