ಚಾವಡಿಗೆ ಹೋದ ಗ್ಯಾಸು

ನಮ್ಮ ಮನೆಯ ಗೋಬರ್ ಗ್ಯಾಸನ್ನು ಯಾರಾದರೂ ಹೊಗಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅರವತ್ತರ ದಶಕದಲ್ಲಿ ಕೆದಂಬಾಡಿಯ ಆಸುಪಾಸಿನಲ್ಲಿ ಅದೇ ಮೊದಲನೆಯದಂತೆ. ಇರಬಹುದು. ಆದರೆ ಅದನ್ನು ಕಟ್ಟಿಸಿದ್ದು ಊರಿಗೆ ತೋರಿಸಲಿಕ್ಕಲ್ಲ, ಅತ್ತೆಯ ಕಣ್ಣಿಗಾಗಿ. ಹಸಿ ಸೌದೆ ಊದಿ ಊದಿ ಅವರ ಕಣ್ಣು ಸದಾ ಕೆಂಪಾಗಿ ನೀರು ಸುರಿಸುತ್ತಿತ್ತು. ಇನ್ನೂ ಹೊಗೆಯಲ್ಲಿ ಕೂತರೆ ಇರುವ ದೃಷ್ಟಿಯೂ ಉಳಿಯದು ಎಂದು ಪುತ್ತೂರಿನ ಡಾಕ್ಟರು ಮಾವನ ಎದುರಿಗೇ ಹೇಳಿದ್ದರು.

ದನದ ಹಟ್ಟಿಯ ಹಿಂದೆ ಬಾವಿಯ ಹಾಗೆ ಗುಂಡಿ ತೋಡಿ ಕಟ್ಟಿಸಿದರು. ಅದಕ್ಕೆ ಸೆಗಣಿ ಕಲಸಿ ಸುರಿಯುವುದು, ಮೇಲೆ ಕವುಚಿದ ಕಬ್ಬಿಣದ ಡ್ರಮ್ಮು. ಕಣ್ಣಿಗೆ ಕಾಣದ ಜೀವಿಗಳು ಸೆಗಣಿ ತಿಂದು ಗ್ಯಾಸು ಬಿಟ್ಟ ಹಾಗೆ ಡ್ರಮ್ಮು ಮೇಲೇಳುತ್ತದೆ. ಒಲೆಯಲ್ಲಿ ನೀಲಿ ಬೆಂಕಿ ಬಂದ ದಿನ ಅತ್ತೆ ಊದುಗೊಳವೆಯನ್ನು ಅಟ್ಟಕ್ಕೆ ಎಸೆದರು. ಕೆಲವೇ ತಿಂಗಳಲ್ಲಿ ಕಣ್ಣಿನ ಕೆಂಪು ಇಳಿಯಿತು. ಅಕ್ಕಿಯ ಕಲ್ಲನ್ನು ಅವರೇ ಆರಿಸತೊಡಗಿದರು.

ಜಡಿಮಳೆಯ ಆಟಿ ತಿಂಗಳಲ್ಲಿ ಡ್ರಮ್ಮು ಕುಸಿದು ಕೂತಿತು. ಒಲೆ ಹತ್ತಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಆಗಷ್ಟೇ ಅಡಿಕೆಯ ಕೊಳೆರೋಗಕ್ಕೆ ಮರಗಳಿಗೆ ಮದ್ದು ಬಿಟ್ಟಿದ್ದರು, ಮೈಲುತುತ್ತು ಸುಣ್ಣ ಕಲಸಿದ ನೀಲಿ ನೀರು. ನಡುವೆ ಮಳೆ ಬಂದು ಒಂದು ಪೀಪಾಯಿ ಮದ್ದು ಉಳಿಯಿತು. ಚೆಲ್ಲಲು ಮನಸ್ಸು ಬಾರದೆ ಮಾವ ಅದನ್ನು ಹಟ್ಟಿಯ ಚರಂಡಿಗೆ ಹೊಯ್ಯಿಸಿದರು, ಗೊಬ್ಬರದ ಒಟ್ಟಿಗೆ ತೋಟಕ್ಕೇ ಹೋಗಲಿ ಎಂದು. ಆ ಚರಂಡಿ ನೇರ ಗ್ಯಾಸಿನ ಗುಂಡಿಗೆ ಹೋಗುತ್ತದೆ. ನಾನು ಕಣ್ಣಾರೆ ಕಂಡಿದ್ದೆ. ಯಾಕೆಂದರೆ ಆ ದಿನ ಮುಟ್ಟಾಗಿ ಹಟ್ಟಿಯ ಜಗಲಿಯಲ್ಲೇ ಕೂತಿದ್ದೆ.

ಮಾವನಿಗೆ ಅಷ್ಟೇ ಸಾಕಾಯಿತು.

"ಹೊರಗೆ ಕೂತವಳು ಗುಂಡಿ ಹತ್ತಿರ ಸುಳಿದದ್ದು. ಗ್ಯಾಸು ನಿಲ್ಲದೆ ಮತ್ತೆಂತ ಆಗುದು?" ಎಂದರು, ಗಂಡಸರು ಕೂರುವ ಮನೆಮುಂದಿನ ಚಾವಡಿಯಲ್ಲಿ ನಾಲ್ಕು ಜನರ ಎದುರು.

"ಕೆರೆಯ ಪಾಚಿ ಕೊಲ್ಲಿಕ್ಕೆ ನೀವು ಹಾಕುದು ಅದೇ ಮೈಲುತುತ್ತು ಅಲ್ವಾ ಮಾವ?" ಎಂದೆ. "ಪಾಚಿಯೇ ಸಾಯುದಾದ್ರೆ ಗುಂಡಿಯ ಜೀವಿಗಳು ಬದುಕ್ತವಾ?"

"ಅಡಿಕೆಗೆ ಮದ್ದಾದದ್ದು ಸೆಗಣಿಗೆ ವಿಷ ಆಗ್ತದಾ? ಹೈಸ್ಕೂಲು ಕಲ್ತ ಸೊಕ್ಕು ನೋಡಿ ಮಾರಾಯ್ರೆ!"

ಕೂತವರೆಲ್ಲ ನಕ್ಕರು. ನನ್ನ ಗಂಡ ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನಕ್ಕವರಿಗಿಂತ ಅವರ ಮೇಲೆ ನನಗೆ ಹೆಚ್ಚು ಸಿಟ್ಟು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗುಂಡಿ ಬರಿದು ಮಾಡಿಸಿ, ಪುಣ್ಯಾಹ ಮಾಡಿಸಿ, ಹೊಸ ಸೆಗಣಿ ತುಂಬಿಸಿದರು. ಗ್ಯಾಸು ಬಂತು. ಬಂದದ್ದು ಹೊಸ ಸೆಗಣಿಯಿಂದ, ಕೀರ್ತಿ ಮಾತ್ರ ಪುಣ್ಯಾಹಕ್ಕೆ. ಮುಟ್ಟಾಗುವ ಹೆಂಗಸರ ಕೈಗೆ ಇದು ಆಗುವುದಿಲ್ಲ ಎಂದು ಮಾವ ಅಡುಗೆಮನೆಯ ಪೈಪನ್ನು ಕೀಳಿಸಿ ಚಾವಡಿಗೆ ತಿರುಗಿಸಿದರು. ಅಲ್ಲಿ ಗ್ಯಾಸಿನ ದೀಪ ಬಂತು. ಅತ್ತೆಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಅದು ಆ ಗಂಡಸರಲ್ಲಿ ಒಬ್ಬನ ತಲೆಗೂ ಹೋಗಲಿಲ್ಲ.

ಅತ್ತೆ ಅಟ್ಟ ಹತ್ತಿ ಊದುಗೊಳವೆ ತಂದರು. ನಾನು ಅದನ್ನು ಕಿತ್ತುಕೊಂಡೆ. ಆದರೆ ತಿಂಗಳು ತಿಂಗಳು ನಾನು ಹೊರಗೆ ಕೂರುವಾಗ, ಹೆರಿಗೆಗೆ ತವರಿಗೆ ಹೋದಾಗ ಊದುವವರು ಅವರೇ. ಮನೆಯ ಗಂಡಸರಿಗೆ ಊಟ ಹೊತ್ತಿಗೆ ಸರಿಯಾಗಿ ಆಗಬೇಕಲ್ಲ!

ದೀಪ ನೋಡಲು ಕಬಕದಿಂದಲೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಕಾಫಿ. ನಾಲ್ಕೈದು ವರ್ಷ ಹೀಗೇ ಕಳೆಯಿತು. ಒಂದು ಸಂಜೆ ಅತ್ತೆ ಕಾಫಿಯ ಲೋಟಗಳನ್ನು ಹಿಡಿದು, ಹೊಸ್ತಿಲನ್ನು ಕಾಲಿನಿಂದ ತಡವಿ ಚಾವಡಿಗೆ ಬಂದು ನಿಂತರು. ತಿಂಡಿಯ ತಟ್ಟೆ ಹಿಡಿದು ಹಿಂದೆಯೇ ನಾನಿದ್ದೆ.

"ಎಂತ, ಇವತ್ತು ದೀಪ ಹೊತ್ತಿಸ್ಲಿಲ್ವಾ?" ಎಂದು ಕೇಳಿದರು.

ದೀಪ ಅವರ ತಲೆಯ ಮೇಲೆಯೇ ಉರಿಯುತ್ತಿತ್ತು. ಮಾವ ಅದರ ಬೆಳಕಿನಲ್ಲಿ ಇಸ್ಪೀಟು ಕಲಸುತ್ತಿದ್ದರು.