ಗಡಿಯಾರದವನ ಬಾಗಿಲು ತಟ್ಟಿದ್ದು ಯಾರು

ಆ ಸಂಜೆ ನನ್ನ ಗಂಡ ಡಿಪೋದಿಂದ ಬಂದು, ಬೆರಳಿಗೆ ಮೆತ್ತಿದ ಅಂಟನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮುಖ ಇಷ್ಟಗಲ ಆಗಿತ್ತು.

"ಏನೇ, ಬರ್ತಾ ಇದೆಯಂತೆ."

"ಯಾರು?"

"ಯಾರಲ್ಲ. ಟಿವಿಯಲ್ಲಿ ಆಡಿದ್ವಲ್ಲ, ಆ ಆಟ. ಎರಡನೇ ಭಾಗ. ಮಗಳು ಫೋನ್ ಮಾಡಿದ್ಲು. ಇನ್ನು ಗೊತ್ತಾಗುತ್ತೆ ನೋಡು, ಬಾಗಿಲು ತಟ್ಟಿದ್ದು ಯಾರು ಅಂತ."

"ಗೊತ್ತಾಗೋಕೆ ಏನಿದೆ? ಪೊಲೀಸಿನವನು."

"ಅವಳೇ ಬಂದಿದ್ದು. ಬರೆದಿಟ್ಕೋ."

"ನೀವು ಹೇಳಿದ್ದನ್ನೆಲ್ಲ ಬರೆದಿಡೋಕೆ ಕೂತ್ರೆ ಅಡುಗೆ ಯಾರ್ ಮಾಡ್ತಾರೆ?"

ನಕ್ಕರು. ಉಂಡರು. ಉಪ್ಪು ಕಡಿಮೆ ಎಂದರು. ಮಲಗಿದರು. ಮಾರನೆಯ ದಿನ ಬಸ್ಸಿನೊಳಗೆ ಸೀಟು ಹೊಲಿಯುತ್ತಾ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಎಬ್ಬಿಸಲು ಹೋದವರಿಗೆ ಮೈ ತಣ್ಣಗೆ ಸಿಕ್ಕಿತು. ದಾರ ಇನ್ನೂ ಸೂಜಿಯಲ್ಲಿತ್ತು.

ಅವರ ಕೆಲಸವೇ ಅದು. ಬಸ್ಸುಗಳ ಹರಿದ ಸೀಟು ಹೊಲಿಯುವುದು. ಸೊಟ್ಟ ಸೂಜಿ, ಮೇಣ ತಿಕ್ಕಿದ ದಾರ, ರೆಕ್ಸಿನ್, ಫೋಮು. ಸೂಜಿ ನೋಡಿ ಡಿಪೋದವರೆಲ್ಲ ಡಾಕ್ಟ್ರೇ ಎಂದು ಕರೆಯುತ್ತಿದ್ದರು. ಸೀಟಿನ ಸಂದಿಯಲ್ಲಿ ಏನೇನೋ ಸಿಗುತ್ತಿತ್ತು. ಬಾಚಣಿಗೆ, ಒಂಟಿ ಓಲೆ, ಮಗುವಿನ ಕಾಲುಚೀಲ, ಒಂದು ಸಲ ಕಟ್ಟಿಸಿದ ಹಲ್ಲಿನ ಸೆಟ್ಟು. ಸಿಕ್ಕಿದ್ದನ್ನು ಡಿಪೋದ ಕಚೇರಿಗೆ ಕೊಟ್ಟುಬಿಡುತ್ತಿದ್ದರು. ಕಥೆ ಮಾತ್ರ ಮನೆಗೆ ತರುತ್ತಿದ್ದರು. ಹಲ್ಲಿನವನು ನಗುತ್ತಾ ಕೆಮ್ಮಿದನಂತೆ, ಹಲ್ಲು ಹಾರಿತಂತೆ, ಪಕ್ಕದಲ್ಲಿ ಕೂತವಳ ಮುಂದೆ ಹುಡುಕಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೇ ಇಳಿದುಹೋದನಂತೆ.

"ಇದನ್ನೆಲ್ಲ ನಿಮಗೆ ಯಾರು ಹೇಳಿದ್ರು?"

"ಹಲ್ಲೇ ಹೇಳ್ತು."

ಬಗ್ಗಿ ಬಗ್ಗಿ ಹೊಲಿದು ಒಂದು ವರ್ಷ ಅವರ ಸೊಂಟ ಹಿಡಿದುಕೊಂಡಿತು. ಹಾಸಿಗೆ ಬಿಟ್ಟು ಏಳಬೇಡಿ ಎಂದರು ವೈದ್ಯರು. ಸುಮ್ಮನೆ ಮಲಗುವ ಜಾತಿಯವರಲ್ಲ. ನನ್ನ ತಲೆ ತಿನ್ನತೊಡಗಿದರು. ಮಗಳು ನೋಡಿ ನೋಡಿ, ತಾನು ಮೊದಲ ಸಂಬಳದಲ್ಲಿ ಕೊಂಡು ಮೂಲೆಗೆ ಹಾಕಿದ್ದ ಆಟದ ಡಬ್ಬಿಯನ್ನು ತಂದು ಟಿವಿಗೆ ಜೋಡಿಸಿಕೊಟ್ಟಳು.

ಅದರಲ್ಲಿ ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಸಮುದ್ರದ ಪಕ್ಕ ಒಂದು ಸಣ್ಣ ಊರು. ಅಲ್ಲಿಯ ಅಂಚೆ ಕಚೇರಿಯ ಹೆಂಗಸು ಕಾಣೆಯಾಗಿದ್ದಾಳೆ. ಗಂಡ ಗಡಿಯಾರ ರಿಪೇರಿಯವನು. ಪೊಲೀಸಿನವನೊಬ್ಬ ಮನೆಮನೆಗೆ ಹೋಗಿ ಕೇಳುತ್ತಾನೆ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಕಂಡುಹಿಡಿಯಬೇಕು. ಆಟದ ಜನರಿಗೆ ದನಿ ಇರಲಿಲ್ಲ. ಕೆಳಗೆ ಟಿಕ್ ಟಿಕ್ ಎಂದು ಅಕ್ಷರ ಬೀಳುತ್ತಿತ್ತು, ಅಷ್ಟೇ. ಅದು ನನಗೆ ಬಾರದ ಭಾಷೆ. ನಾನು ಓದಿದ್ದು ನಾಲ್ಕನೇ ತರಗತಿ. ಅವರು ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮೀನಿನವಳಿಗೆ ಒಂದು ದನಿ, ಹಡಗಿನವನಿಗೆ ಒಂದು ದನಿ. ಗಡಿಯಾರದವನ ಮಾತನ್ನು ಮಾತ್ರ ತಮ್ಮದೇ ದನಿಯಲ್ಲಿ, ಮೆಲ್ಲಗೆ.

ರಿಮೋಟು ಅವರದು, ಅನುಮಾನ ನನ್ನದು. "ಈ ಮೀನಿನವಳು ಸುಳ್ಳಿ, ಬಿಡ್ಬೇಡಿ ಅವಳನ್ನ," ಎನ್ನುತ್ತಿದ್ದೆ. "ನೀನು ಪೊಲೀಸಿಗೆ ಸೇರಿದ್ರೆ ಅರ್ಧ ಊರು ಜೈಲಲ್ಲಿರ್ತಿತ್ತು," ಎನ್ನುತ್ತಿದ್ದರು. ಮೀನಿನವಳು ಸುಳ್ಳಿಯೇ ಆಗಿದ್ದಳು.

ಕೊನೆಗೆ ಆ ಹೆಂಗಸಿನ ಕೋಟು ದೋಣಿಯಲ್ಲಿ ಸಿಗುತ್ತದೆ. ಅವಳು ಸಿಗುವುದಿಲ್ಲ. ಗಡಿಯಾರದವನು ಅಂಗಡಿಯಲ್ಲಿ ಒಬ್ಬನೇ ಕೂತಿದ್ದಾನೆ. ಯಾರೋ ಬಾಗಿಲು ತಟ್ಟುತ್ತಾರೆ. ಅವನು ತಲೆ ಎತ್ತಿ, "ಬೀಗ ಹಾಕಿಲ್ಲ, ತಳ್ಳು. ನೀನು ಬರ್ತೀಯ ಅಂತ ಅಗುಳಿ ಮುಟ್ಟೇ ಇಲ್ಲ," ಎನ್ನುತ್ತಾನೆ. ಟಿವಿ ಕಪ್ಪಾಗುತ್ತದೆ. ಆಟ ಮುಗಿಯಿತು.

ನಮ್ಮ ಜಗಳ ಮುಗಿಯಲಿಲ್ಲ. ಕೋಟು ಕೊಡಲು ಪೊಲೀಸಿನವನು ಬಂದಿರಬೇಕು, ಅವಳು ಸತ್ತಿದ್ದಾಳೆ ಎನ್ನುವುದು ನನ್ನ ಲೆಕ್ಕ. ಹೆಂಡತಿಯೇ ಬಂದಳು ಎನ್ನುವುದು ಅವರದು. ಅವರ ಸೊಂಟ ಸರಿಹೋಯಿತು, ಕೆಲಸಕ್ಕೆ ಹೋದರು, ಆದರೂ ರಜೆಯ ದಿನ ಮಧ್ಯಾಹ್ನ ಅದೇ ಮಾತು. ಆ ಕೊನೆಯ ದೃಶ್ಯದ ಮುಂಚಿನ ಜಾಗವನ್ನು ಡಬ್ಬಿಯಲ್ಲಿ ಉಳಿಸಿಟ್ಟಿದ್ದರು. ನಾನು ಜೋರು ಮಾಡಿದಾಗೆಲ್ಲ ಅದನ್ನು ಹಾಕಿ, "ಕೇಳಿಸ್ಕೋ. ಪೊಲೀಸಿನವನಿಗೆ ಯಾರಾದ್ರೂ ಹೀಗೆ ಹೇಳ್ತಾರಾ?" ಎನ್ನುತ್ತಿದ್ದರು. ನಾನು ಕಾಫಿಗೆ ಇಡುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಆದರೂ ಸೋಲುತ್ತಿರಲಿಲ್ಲ.

ಅವರು ಹೋದ ಮೇಲೆ ಎರಡನೇ ಭಾಗ ಬಂತು. ಅದಕ್ಕೆ ಹಳೆಯ ಡಬ್ಬಿ ಸಾಲದಂತೆ. ಮಗಳು ಹೊಸದನ್ನು ಹೊತ್ತುಕೊಂಡು ಬಂದಳು. "ನೀನು ಸುಮ್ಮನೆ ಗೋಡೆ ನೋಡ್ಕೊಂಡು ಕೂತ್ರೆ ನನಗೆ ಆಫೀಸಲ್ಲಿ ಕೈ ಓಡಲ್ಲ ಅಮ್ಮ," ಎಂದಳು. ಬೇಡ ಎನ್ನಲಿಲ್ಲ. ನನಗೆ ಬೇಕಿತ್ತು. ಅಷ್ಟು ಹೊತ್ತಿಗೆ ನಾನು ಅವರ ಕಡೆ ಸೇರಿಬಿಟ್ಟಿದ್ದೆ. ಬಂದಿದ್ದು ಅವಳೇ ಆಗಲಿ ಎಂದು ಬಾಯಿ ಒಣಗಿಸಿಕೊಂಡು ಕೂತೆ.

ಹೊಸ ಆಟದಲ್ಲಿ ಎಲ್ಲರಿಗೂ ಬಾಯಿ ಬಂದಿತ್ತು. ಪಟಪಟ ಎನ್ನುತ್ತಿದ್ದರು. ಸಮುದ್ರ ನಿಜದ ಹಾಗೆ ಹೊಳೆಯುತ್ತಿತ್ತು. ಪೊಲೀಸಿನವನು ಕೋವಿ ಹಿಡಿದು ಛಾವಣಿಯಿಂದ ಛಾವಣಿಗೆ ಹಾರುತ್ತಿದ್ದ. ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ಕೂತು ಕೇಳಲಿಲ್ಲ. ನಾನು ಅನುಮಾನ ಪಡಲು ಅಲ್ಲಿ ಒಬ್ಬನೂ ಇರಲಿಲ್ಲ.

"ಗಡಿಯಾರದವನು ಎಲ್ಲಿ?" ಎಂದು ಕೇಳಿ ಕೇಳಿ ಮಗಳಿಗೆ ಸಾಕುಮಾಡಿದೆ.

"ಬರ್ತಾನೆ ಇರಮ್ಮ."

ಅವನು ಬರಲಿಲ್ಲ. ಎಷ್ಟೋ ಸಂಜೆಗಳಾದ ಮೇಲೆ ಪೊಲೀಸಿನವನು ಓಡುತ್ತಾ ಓಡುತ್ತಾ ಯಾರಿಗೋ ಏನೋ ಹೇಳಿದ. ಮಗಳ ಕೈ ನಿಂತಿತು.

"ಏನಂದ?"

"ಏನಿಲ್ಲ."

"ಹೇಳೇ."

"ಆ ದಿನ ಬಾಗಿಲು ತಟ್ಟಿದ್ದು ನಾನೇ, ಕೋಟು ಕೊಡೋಕೆ ಹೋಗಿದ್ದೆ ಅಂದ."

"ಗಡಿಯಾರದವನು?"

"ಅಂಗಡಿ ಮುಚ್ಚಿ ಹೋದನಂತೆ. ಅಷ್ಟೇ ಅಮ್ಮ, ಒಂದೇ ಮಾತು." ಅವಳಿಗೂ ಸಿಟ್ಟು ಬಂದಿತ್ತು. "ಥೂ, ಎಂಥ ಆಟ ಮಾಡಿದಾರೆ! ಎಲ್ಲರೂ ಬೈತಿದಾರೆ ಇದನ್ನ."

ನಾನು ಗೆದ್ದಿದ್ದೆ. ಗೆದ್ದು ಯಾರ ಮುಖಕ್ಕೆ ಹಿಡಿಯಲಿ?

"ಹಳೇದು ಹಾಕು. ಅದರಲ್ಲಿ ಜನ ಚೆನ್ನಾಗಿ ಮಾತಾಡ್ತಿದ್ರು. ಕೊನೇದು ಓದು ಸಾಕು," ಎಂದೆ.

ಅಪ್ಪ ಉಳಿಸಿಟ್ಟ ಜಾಗವನ್ನು ಅವಳು ಜೋಪಾನವಾಗಿ ತೆರೆದಳು. ಅದೇ ಅಂಗಡಿ. ಅದೇ ಕುರ್ಚಿ. ಟಕ್ ಟಕ್ ಎಂದು ಬಾಗಿಲು ಸದ್ದಾಯಿತು. ಗಡಿಯಾರದವನು ತಲೆ ಎತ್ತಿದ. ಅಕ್ಷರ ಬಿತ್ತು.

"ಯಾರದು?" ಎಂದು ಓದಿದಳು ಮಗಳು. ಟಿವಿ ಕಪ್ಪಾಯಿತು.

"ಪೂರ್ತಿ ಓದು."

"ಅಷ್ಟೇ ಅಮ್ಮ ಇರೋದು."

"ಅಗುಳಿ ಮುಟ್ಟಿಲ್ಲ ಅನ್ನೋದು?"

"ಅಗುಳಿ? ಅದೆಲ್ಲ ಇಲ್ಲಮ್ಮ. ಯಾರದು ಅಂತ ಕೇಳ್ತಾನೆ, ಮುಗೀತು."

ಇನ್ನೊಂದು ಸಲ ಹಾಕಿಸಿದೆ. ಅಷ್ಟೇ ಇತ್ತು. ಮೊದಲಿನಿಂದ ಆಡಿಸಿದೆ. ಮಗಳು ರಜೆ ಹಾಕಿ ಕೂತು ಓದಿದಳು. ಮೀನಿನವಳು ಒಂದು ಬೈಗುಳವನ್ನೂ ಬೈಯಲಿಲ್ಲ. ಹಡಗಿನವನ ಜೋಕು ಒಂದೂ ಇರಲಿಲ್ಲ. ಹೌದು, ಇಲ್ಲ, ನೋಡಿಲ್ಲ, ಗೊತ್ತಿಲ್ಲ. ಗಡಿಯಾರದವನು ಆಟ ಪೂರ್ತಿ ಆಡಿದ್ದು ಬೆರಳಲ್ಲಿ ಎಣಿಸುವಷ್ಟು ಮಾತು.

"ಅಪ್ಪ ಎಲ್ಲ ತಾವೇ ಕಟ್ಟಿ ಹೇಳಿದಾರೆ," ಎಂದಳು ಮಗಳು. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ವಾದಕ್ಕೆ ಸಾಕ್ಷಿಯನ್ನು ತಾವೇ ಹುಟ್ಟಿಸಿ, ಅದನ್ನೇ ತೋರಿಸಿ ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದ್ದರು. ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. ಮಾತು ಆಟದಲ್ಲಿಲ್ಲ. ಎರಡನೆಯದರಲ್ಲಿ ಮೊದಲೇ ಇಲ್ಲ. ಹಾಗಾದರೆ ಅಗುಳಿ ಮುಟ್ಟಿಲ್ಲ ಎಂದದ್ದು ಅವರು, ನನ್ನ ಪಕ್ಕದಲ್ಲಿ ದಿಂಬಿಗೆ ಒರಗಿಕೊಂಡು, ನನಗೆ.

ಮಗಳು ಹೊರಡುವಾಗ, "ಹಳೇ ಡಬ್ಬಿ ಅಂಗಡಿಗೆ ಕೊಟ್ಬಿಡ್ಲಾ? ಹೇಗೂ ಬಿಸಿಯಾಗಿ ಕೂಗ್ತಿದೆ," ಎಂದಳು.

"ಹೊಸದನ್ನ ತಗೊಂಡು ಹೋಗು," ಎಂದೆ.

ರಿಪೇರಿಯವನನ್ನು ಕರೆಸಿ ತೋರಿಸಿದೆ. ಒಳಗಿನ ಫ್ಯಾನಿಗೆ ಧೂಳು ಹಿಡಿದರೆ ಸುಟ್ಟುಹೋಗುತ್ತದೆ, ಉಳಿಸಿಟ್ಟಿದ್ದೂ ಹೋಗುತ್ತದೆ, ದಿನಾ ಒಣ ಬ್ರಷ್ಷಿನಲ್ಲಿ ತೂತು ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ ಎಂದ. ಅದಕ್ಕೇ ಬೆಳಗ್ಗೆ ಎದ್ದು ಒಲೆ ಹಚ್ಚುವ ಮುಂಚೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಇಟ್ಟುಕೊಳ್ಳುತ್ತೇನೆ. ಹಿಂದಿನ ತೂತುಗಳಿಗೆ ಬ್ರಷ್ ಆಡಿಸುತ್ತೇನೆ, ಊದುತ್ತೇನೆ, ಮೇಲೊಂದು ಹತ್ತಿ ಬಟ್ಟೆ ಹೊದಿಸುತ್ತೇನೆ. ಆಮೇಲೆ ಒಲೆಯ ಮೇಲೆ ಹಾಲಿಡುತ್ತೇನೆ.